ಹನ್ನೆರಡನೇ ಬಲಗಾಲು

ಮೊನ್ನೆ ಅರಸೀಕೆರೆಗೆ ಹೋಗಿ ಸುಮ್ಮನೆ ವಾಪಸ್ಸು ಬಂದೆ. ತಾಲೂಕು ಕಚೇರಿಗೆ ಬೀಗ ಬಿದ್ದಿತ್ತು. ಈ ವಯಸ್ಸಿನಲ್ಲಿ ಎರಡು ಮೊಣಕಾಲನ್ನೂ ಬೇಡಿಕೊಂಡು ಬಸ್ಸು ಹತ್ತಿ ಬಂದವನಿಗೆ ಬೀಗದ ದರ್ಶನವಾದರೆ ಹೇಗಿರುತ್ತದೆ, ನೀವೇ ಹೇಳಿ. ಎದುರಿಗೆ ತಳ್ಳುಗಾಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದವನನ್ನು ಕೇಳಿದೆ.

"ಇವತ್ತು ರಜಾ ಕಣಜ್ಜ. ಗುಡ್ ಫ್ರೈಡೆ."

"ಹಂಗಂದ್ರೇನಪ್ಪ?"

"ಅದ್ಯಾವ್ದೋ ಹಬ್ಬ. ಭಾನುವಾರ ಇನ್ನೊಂದೈತಂತೆ, ಈಸ್ಟರು ಅಂತ. ನಮಗೇನ್ ಗೊತ್ತು, ರಜಾ ಅಂದ್ರೆ ರಜಾ."

ಹೀಗೆಂದು ಅವನು ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಇದ್ದಿಲು ಊದಿದ. ಹೊಗೆ ಮೂಗಿಗೆ ಬಡಿಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಹಬ್ಬ ಏನು ಎಂದು ಅರಸೀಕೆರೆಯ ಆ ಬೀದಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೇ ಗೊತ್ತಿತ್ತು. ಜಂಬ ಎಂದುಕೊಳ್ಳಬೇಡಿ. ಜಂಬವೇ, ಆದರೆ ನಿಜವಾದ ಜಂಬ. ನನ್ನ ಕಾಲಿನ ಮೇಲೆ ನಡೆದ ಸಂಗತಿ ಅದು.

ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೂ ಬೀಳುತ್ತಿರಲಿಲ್ಲ. ಬಸ್ಸುಗಳೆಲ್ಲ ಇದ್ದಿಲ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಪೀಪಾಯಿ, ಅದರೊಳಗೆ ಉರಿಯುವ ಇದ್ದಿಲು, ಅದರ ಹೊಗೆಯೇ ಎಂಜಿನ್ನಿಗೆ ಊಟ. ಅಂಥದೊಂದು ಬಸ್ಸಿಗೆ ನಾನು ಡ್ರೈವರ್. ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಮಾದಿಹಳ್ಳಿ ಮೇಲೆ ಬೇಲೂರು, ಸಂಜೆಗೆ ವಾಪಸ್ಸು. ಆ ಕಾಲದಲ್ಲಿ ಡ್ರೈವರ್ ಎಂದರೆ ಅಮಲ್ದಾರರಿಗಿಂತ ಒಂದು ಗುಲಗಂಜಿ ಕಮ್ಮಿ. ವಯಸ್ಸು ಇಪ್ಪತ್ತಾರು, ತಲೆಯಲ್ಲಿ ಗುಂಗುರು ಕೂದಲು, ಬಾಯಲ್ಲಿ ಸುಳ್ಳು. ಜಾವಗಲ್ ದಾಟಿದ ಮೇಲಿನ ಏರಿನಲ್ಲಿ ಬಸ್ಸು ಉಸಿರು ಬಿಡುತ್ತಿತ್ತು. ಜನ ಇಳಿದು ತಳ್ಳಬೇಕು. ತಳ್ಳಿ ಏರು ಹತ್ತಿಸಿದ ಮೇಲೆ ನಾನು ನಿಲ್ಲಿಸದೆ ಅರ್ಧ ಮೈಲಿ ಹೋಗಿ, ಮರದ ನೆರಳಲ್ಲಿ ಕೂತು, ಅವರು ಬೆವರು ಒರೆಸಿಕೊಂಡು ಓಡಿ ಬರುವುದನ್ನು ನೋಡುತ್ತಿದ್ದೆ. ಬೈದರೆ, "ಮಾಲೇಕಲ್ಲು ಬೆಟ್ಟ ಹತ್ತಿದ ಪುಣ್ಯ ಪುಕ್ಕಟೆ ಬಂತಲ್ಲ" ಎನ್ನುತ್ತಿದ್ದೆ.

ಹೀಗೆ ಕೀಟಲೆ ಮಾಡುತ್ತಿದ್ದದ್ದು ಹುರುಪಿನಿಂದ ಎಂದು ಜನ ತಿಳಿದಿದ್ದರು. ಹುರುಪಲ್ಲ, ಆಯಾಸ. ಬೆಳಗಿನ ಜಾವ ಎದ್ದು ಪೀಪಾಯಿಗೆ ಬೆಂಕಿ ಹಾಕಬೇಕು, ಅರ್ಧ ಗಂಟೆ ಗಾಳಿಯ ಹಿಡಿ ತಿರುಗಿಸಬೇಕು, ದಿನವಿಡೀ ಹೊಗೆ ಕುಡಿಯಬೇಕು. ಕಣ್ಣು ಕೆಂಡ, ಬಾಯಿ ಬೂದಿ. ಎಲ್ಲರಿಗೂ ಅಷ್ಟೇ. ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ. ಬಸ್ಸು ತುಂಬ ಜನ ತೂಕಡಿಸುತ್ತ ಕೂತಿರುತ್ತಿದ್ದರು. ಒಂದು ತಮಾಷೆ ಮಾಡದಿದ್ದರೆ ನಾನೂ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದೆನೇನೋ.

ಪೀಪಾಯಿ ನೋಡಿಕೊಳ್ಳುತ್ತಿದ್ದವನು ಚಿನ್ನಪ್ಪಣ್ಣ. ಐವತ್ತರ ಮೇಲಿನ ಆಳು, ಹಳೇಬೀಡಿನ ಕ್ರೈಸ್ತರ ಕೇರಿಯವನು. ಹಿಂದಿನ ದೊಡ್ಡ ಬರದಲ್ಲಿ ಬಂದು ನೆಲೆ ನಿಂತ ಮನೆಗಳು ಅಲ್ಲಿದ್ದವು. ಹತ್ತಿಪ್ಪತ್ತು ಮನೆ, ಹೆಂಚಿನದೊಂದು ಚರ್ಚು. ಅವನು ಮೊದಲು ಕಮ್ಮಾರಿಕೆ ಮಾಡುತ್ತಿದ್ದವನು, ಬೆಂಕಿಯ ಮಾತು ಅವನಿಗೆ ತಿಳಿಯುತ್ತಿತ್ತು. ಮನುಷ್ಯರ ಜೊತೆ ಮಾತು ಕಮ್ಮಿ. ಆ ಚಳಿಗಾಲದಿಂದ ಅವನಿಗೊಂದು ಕೆಮ್ಮು ಹತ್ತಿತ್ತು. ಕೆಮ್ಮಿದರೆ ಕಪ್ಪು ಕಫ ಬೀಳುತ್ತಿತ್ತು. ಅರಸೀಕೆರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಈ ಕೆಲಸ ಬಿಡು, ಬಿಟ್ಟರೂ ಹೆಚ್ಚು ದಿನ ಹೇಳುವುದಕ್ಕಾಗುವುದಿಲ್ಲ ಎಂದಿದ್ದರು.

ಅದನ್ನು ಅವನು ನನಗೆ ಹೇಳಿದ್ದು ಜಾವಗಲ್ ಏರಿನಲ್ಲಿ, ಜನ ಬಸ್ಸು ತಳ್ಳುತ್ತಿದ್ದಾಗ.

"ಹೆದ್ರಿಕೆ ಆಯ್ತದಾ ಚಿನ್ನಪ್ಪಣ್ಣ?" ಎಂದೆ.

"ಸಾಯಕ್ಕಲ್ಲ ಕಣ್ಲಾ. ಎಲ್ಲಾರೂ ಸಾಯ್ತಾರೆ. ನನ್ನ ಗೋಡೆ ಆಚೆ ಹಾಕ್ತಾರಲ್ಲ, ಅದುಕ್ಕೆ."

ಆಗ ಬಿಡಿಸಿ ಕೇಳಿದೆ. ಅವರಲ್ಲಿ ವರ್ಷಕ್ಕೊಂದು ಸಲವಾದರೂ, ಪಾಸ್ಕ ಹಬ್ಬದ ಹೊತ್ತಿಗೆ, ಗುರುಗಳ ಹತ್ತಿರ ಪಾಪ ಒಪ್ಪಿಕೊಂಡು ಪ್ರಸಾದ ತೆಗೆದುಕೊಳ್ಳಬೇಕು. ನಾವು ಈಸ್ಟರ್ ಎನ್ನುವುದನ್ನು ಅವರು ಪಾಸ್ಕ ಎನ್ನುತ್ತಿದ್ದರು. ಹಾಗೆ ಮಾಡದೆ ಹಟ ಹಿಡಿದು ಸತ್ತವನಿಗೆ ಸಮಾಧಿ ತೋಟದಲ್ಲಿ ಜಾಗವಿಲ್ಲ. ಗೋಡೆಯಾಚೆ, ಕತ್ತಾಳೆ ಬೇಲಿಯ ಬುಡದಲ್ಲಿ ಮಣ್ಣು. ಚಿನ್ನಪ್ಪಣ್ಣನ ಹೆಂಡತಿ ಆರೋಗ್ಯಮ್ಮ ಗೋಡೆಯೊಳಗಿದ್ದಳು. ಇವನು ಹನ್ನೊಂದು ವರ್ಷದಿಂದ ಚರ್ಚಿನ ಹೊಸಿಲು ತುಳಿದಿರಲಿಲ್ಲ.

ಕಾರಣ ಅಣ್ಣ ಇನ್ನಾಸಪ್ಪ. ಅವನು ಚರ್ಚಿನ ಉಪದೇಶಿ, ಅಂದರೆ ಗುರುಗಳು ಇಲ್ಲದಾಗ ಪ್ರಾರ್ಥನೆ ಹೇಳಿಸುವವನು. ಅಪ್ಪ ಸತ್ತಾಗ ಚಿನ್ನಪ್ಪಣ್ಣ ಅರಸೀಕೆರೆಯ ಕುಲುಮೆಯಲ್ಲಿದ್ದ. ಸುದ್ದಿ ತಿಳಿದು ನಡೆದು ಬರುವಷ್ಟರಲ್ಲಿ ಅಣ್ಣ ಮಣ್ಣು ಮಾಡಿ ಮುಗಿಸಿದ್ದ. ಗುರುಗಳು ಬೇರೆ ಊರಿಗೆ ಹೊರಟಿದ್ದರು, ಕಾಯುವ ಹಾಗಿರಲಿಲ್ಲ ಎಂದ. ಇವನು, "ನಮ್ಮಪ್ಪನ ಮುಖ ತೋರಿಸ್ದೇ ಇದ್ದೋನ ಮುಖ ನಾನ್ ನೋಡಕಿಲ್ಲ" ಎಂದು ಹೊರಟವನು ಹೊರಟೇಬಿಟ್ಟ. ಅಣ್ಣನನ್ನು ಕ್ಷಮಿಸದೆ ಪಾಪ ಒಪ್ಪಿಕೊಳ್ಳುವ ಹಾಗಿಲ್ಲ. ಕ್ಷಮಿಸಲು ಮನಸ್ಸು ಬಾರದು. ಎದೆಯಲ್ಲಿ ಇದ್ದಿಲ ಪುಡಿ ತುಂಬುತ್ತಿದೆ, ಹಬ್ಬ ಹತ್ತಿರ ಬರುತ್ತಿದೆ.

"ಹೋಗಿ ಒಂದ್ಮಾತು ಅಂದ್ಬಿಡಣ್ಣ. ನಾಲಿಗೆ ಸವೀತದಾ?" ಎಂದೆ.

"ನಿಂಗೆ ಎಲ್ಲಾನೂ ಆಟ" ಎಂದು ಅವನು ಹಿಂದೆ ಹೋಗಿ ಪೀಪಾಯಿಗೆ ಇದ್ದಿಲು ಸುರಿದ.

ಇನ್ನು ಚರ್ಚಿನೊಳಗೆ ಅವನಿಗಿದ್ದ ಜಾಗದ ವಿಷಯ. ಪಾಸ್ಕಕ್ಕೆ ಮೂರು ದಿನ ಮೊದಲು, ಗುರುವಾರ, ಚರ್ಚಿನಲ್ಲಿ ಗುರುಗಳು ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ. ಅವರ ದೇವರು, ಒಬ್ಬ ಶಿಷ್ಯನೇ ಹಿಡಿದುಕೊಟ್ಟು ಕೊಲ್ಲಿಸುವ ಹಿಂದಿನ ದಿನ, ತನ್ನ ಹನ್ನೆರಡು ಶಿಷ್ಯರ ಕಾಲನ್ನು ತಾನೇ ಬಗ್ಗಿ ತೊಳೆದನಂತೆ, ಅದರ ನೆನಪಿಗೆ. ಹಳೇಬೀಡಿನಲ್ಲಿ ಹನ್ನೆರಡು ಮನೆತನಕ್ಕೆ ಹನ್ನೆರಡು ಜಾಗ, ಅಪ್ಪನಿಂದ ಮಗನಿಗೆ. ಉದ್ದನೆಯ ಬೆಂಚಿನ ಕೊನೆಯ ಜಾಗ ಚಿನ್ನಪ್ಪಣ್ಣನ ಅಪ್ಪನದು. ಉಪದೇಶಿಯಾದ ಅಣ್ಣ ನೀರಿನ ಹೂಜಿ ಹಿಡಿಯಬೇಕು, ಹಾಗಾಗಿ ಜಾಗ ತಮ್ಮನಿಗೆ ಬಂತು. ತಮ್ಮ ಬರಲಿಲ್ಲ. ಹನ್ನೊಂದು ವರ್ಷ ಗುರುಗಳು ಹನ್ನೊಂದು ಜನರ ಕಾಲು ತೊಳೆದು, ಹನ್ನೆರಡನೆಯ ಖಾಲಿ ಜಾಗದ ಮುಂದೆ ನೆಲಕ್ಕೆ ಒಂದಿಷ್ಟು ನೀರು ಹನಿಸಿ ಏಳುತ್ತಿದ್ದರು.

ಇದನ್ನು ಕೇಳಿದ ಮೇಲೆ ನನ್ನ ಅಂಗಾಲು ತುರಿಸತೊಡಗಿತು. ಜಾವಗಲ್ಲಿನ ಬಸ್ ಏಜೆಂಟ್ ಶೀನಪ್ಪ ಎಂಬುವನ ಹತ್ತಿರ, "ಈ ಸಲ ಆ ಜಾಗದಲ್ಲಿ ನಾನ್ ಕೂತು ಕಾಲ್ ತೊಳೆಸ್ಕಂಡ್ ಬತ್ತೀನಿ" ಎಂದೆ.

ಶೀನಪ್ಪನಿಗೆ ಕೊಕ್ಕೆಯಂಥ ಮೀಸೆ. ಅದನ್ನು ತೀಡಿಕೊಂಡು, "ನೀನು ಕೂತ್ರೆ ಈ ಮೀಸೆ ಅರ್ಧ ಬೋಳಿಸ್ತೀನಿ" ಎಂದ.

"ಯಾವ್ ಕಡೆದು?"

"ನೀನ್ ಹೇಳ್ದ ಕಡೆ."

"ಎಡಗಡೆ. ಸೋಪ್ ತಂದಿಟ್ಕೋ" ಎಂದು ಗಾಡಿ ಎತ್ತಿದೆ.

ಗುರುವಾರ ಮೂರರ ಹೊತ್ತಿಗೆ ಬೇಲೂರಿನಿಂದ ಹಳೇಬೀಡಿಗೆ ವಾಪಸ್ಸಾದೆವು. ಅಲ್ಲಿ ಒಂದು ಗಂಟೆ ನಿಂತು ಬೂದಿ ತೆಗೆದು ಹೊಸ ಇದ್ದಿಲು ತುಂಬಬೇಕು. ಬಿಸಿಲು ನೆತ್ತಿ ಸೀಳುತ್ತಿತ್ತು. ಪ್ರಯಾಣಿಕರು ಬಸ್ಸಿನ ನೆರಳಲ್ಲಿ ಬಿದ್ದುಕೊಂಡರು. ಚಿನ್ನಪ್ಪಣ್ಣ ಪೀಪಾಯಿಯ ಹೊಟ್ಟೆಯೊಳಗೆ ಕೈ ಹಾಕಿದ್ದ. ನಾನು ಬಸ್ಸಿನ ಮೂತಿಯ ಮರೆಗೆ ಹೋಗಿ, ಮಸಿಗೆ ಗ್ರೀಸು ಕಲಸಿ, ಎರಡು ಕಾಲಿಗೂ ಪಾದದಿಂದ ಗಿಣ್ಣಿನ ತನಕ ದಪ್ಪಗೆ ಬಳಿದುಕೊಂಡೆ. ಹೊಸದಾಗಿ ಬಂದಿದ್ದ ಗುರುಗಳಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಅವರ ಬಿಳಿ ಟವಲ್ಲು ಏನಾಗುತ್ತದೋ ನೋಡೋಣ ಎಂಬುದೇ ನನ್ನ ಸಂತೋಷ. ಪಂಚೆ ಇಳಿಬಿಟ್ಟು ಕಾಲು ಮುಚ್ಚಿಕೊಂಡು ಚರ್ಚಿನ ಪಕ್ಕದ ಬಾಗಿಲಿಂದ ನುಗ್ಗಿ ಕೊನೆಯ ಜಾಗದಲ್ಲಿ ಕೂತೆ.

ಪಕ್ಕದವನು ನನ್ನನ್ನು ನೋಡಿ ಬಾಯಿ ತೆರೆದ. ಅಷ್ಟರಲ್ಲಿ ಗುರುಗಳು ಬಂದರು. ಅವನು ಬಾಯಿ ಮುಚ್ಚಿದ.

ಗುರುಗಳು ನಾನು ಎಣಿಸಿದ್ದಕ್ಕಿಂತ ಮುದುಕರು. ಸೊಂಟಕ್ಕೆ ಟವಲ್ಲು ಕಟ್ಟಿಕೊಂಡು, ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ, ಬಲಗಾಲು ಮಾತ್ರ ತೊಳೆದು, ಒರೆಸಿ, ಬಗ್ಗಿ ಪಾದಕ್ಕೆ ಮುತ್ತಿಡುತ್ತಿದ್ದರು. ಬಲಗಾಲು ಮಾತ್ರ ಎಂದು ನನಗೆ ಯಾರು ಹೇಳಿದ್ದರು? ಎಡಗಾಲಿಗೆ ಬಳಿದ ಗ್ರೀಸು ದಂಡವಾಯಿತು ಎಂದುಕೊಂಡೆ. ಮುತ್ತಿಡುತ್ತಾರೆ ಎಂದೂ ಯಾರೂ ಹೇಳಿರಲಿಲ್ಲ. ಒಬ್ಬೊಬ್ಬರಿಂದ ಏಳುವಾಗಲೂ ಅವರು ಬೆಂಚಿನ ಅಂಚು ಹಿಡಿದು ಎರಡು ಗಳಿಗೆ ಉಸಿರು ತೆಗೆದುಕೊಳ್ಳುತ್ತಿದ್ದರು.

ನನ್ನ ಮುಂದೆ ಬಂದು ಕೂತು ಪಂಚೆ ಸರಿಸಿದರು. ಹೂಜಿ ಹಿಡಿದಿದ್ದ ಇನ್ನಾಸಪ್ಪನಿಗೆ ನನ್ನ ಗುರುತು ಸಿಕ್ಕಿತು, ಕಾಲೂ ಕಂಡಿತು. ಅವನ ಕಣ್ಣಲ್ಲಿದ್ದ ಉರಿಗೆ ನಮ್ಮ ಬಸ್ಸು ಬೇಲೂರು ಮುಟ್ಟುತ್ತಿತ್ತು. ಆದರೆ ಅಲ್ಲಿ ಮಾತಾಡುವ ಹಾಗಿಲ್ಲ. ನೀರು ಹೊಯ್ದ. ತಟ್ಟೆ ಕಪ್ಪಾಯಿತು. ಗುರುಗಳು ಬೆರಳ ಸಂದಿಗೆ ಬೆರಳಿಟ್ಟು ಉಜ್ಜಿದರು. ಮಸಿ ಹೋಗುತ್ತದೆ, ಗ್ರೀಸು ಹೋಗುತ್ತದೆಯೆ? ತಟ್ಟೆ ಚೆಲ್ಲಿ ಬರಲು ಸನ್ನೆ ಮಾಡಿದರು. ಮತ್ತೆ ಹೊಯ್ದ, ಮತ್ತೆ ಉಜ್ಜಿದರು. ಟವಲ್ಲು ಕಪ್ಪಾಯಿತು, ಅಂಗಿಯ ತೋಳು ಕಪ್ಪಾಯಿತು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಹಿರಿಯರು ಕಾಲು ಮುಟ್ಟಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಕೇಳಿ ಬೆಳೆದವನು ನಾನು. ಅಪ್ಪನ ವಯಸ್ಸಿನವರು, ಅದರಲ್ಲೂ ದೇವರ ಕೆಲಸದವರು, ನನ್ನ ಹಿಮ್ಮಡಿಯನ್ನು ಮಗುವಿನದರಂತೆ ಅಂಗೈಯಲ್ಲಿ ಹಿಡಿದಿದ್ದಾರೆ. ಕಾಲು ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ. ಬಗ್ಗಿ ಮುತ್ತಿಟ್ಟು ತಲೆ ಎತ್ತಿದರೆ ತುಟಿಯ ಮೇಲೆ ಕಪ್ಪು ಅಂಟಿತ್ತು.

ಆಗ ಬಾಗಿಲಿನಿಂದ ದನಿ ಬಂತು.

"ಏಳ್ಲಾ ರಂಗ."

ಚಿನ್ನಪ್ಪಣ್ಣ. ಬಸ್ಸು ಸಿದ್ಧವಾಗಿದೆ, ಡ್ರೈವರ್ ಎಲ್ಲಿ ಎಂದು ಹುಡುಕಿಕೊಂಡು ಬಂದವನು ಹೊಸಿಲಾಚೆ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ನಾನು ಕೂತೇ ಇದ್ದೆ. ಅವನು ಹೊಸಿಲು ದಾಟಿ ನೇರ ನಡೆದು ಬಂದ.

"ಏಳು ಅಂದೆ. ಅದು ನಮ್ಮಪ್ಪನ ಜಾಗ."

ಎದ್ದೆ. ಅವನು ಕೂತ. ಕೆಮ್ಮು ಬಂತು, ತಡೆದುಕೊಂಡ. ಬಲಗಾಲು ಮುಂದಿಟ್ಟ. ಅದೂ ಕಪ್ಪೇ, ನನ್ನದರಂತೆ ಬಳಿದುಕೊಂಡ ಕಪ್ಪಲ್ಲ, ಚರ್ಮದೊಳಕ್ಕೆ ಇಳಿದದ್ದು.

ಗುರುಗಳು ಮಂಡಿಯ ಮೇಲೇ ಇದ್ದರು. ಅವನ ಮುಖ ನೋಡಿದರು, ಹೂಜಿಯವನ ಮುಖ ನೋಡಿದರು. ಎರಡೂ ಮುಖದಲ್ಲಿ ಒಂದೇ ಗಿಣಿಮೂಗು. ಇನ್ನಾಸಪ್ಪನ ಕೈಯಲ್ಲಿ ಹೂಜಿ ಓರೆಯಾಗಿ ನೀರು ನೆಲಕ್ಕೆ ಸೋರುತ್ತಿತ್ತು.

"ನನ್ನ ಸೊಂಟ ಹಿಡಕೊಂಡುಬಿಟ್ಟಿತಪ್ಪ" ಎಂದರು ಗುರುಗಳು. ಟವಲ್ಲು ಬಿಚ್ಚಿ ಇನ್ನಾಸಪ್ಪನ ಕೈಗೆ ಕೊಟ್ಟು ಹೂಜಿ ತಾವು ತೆಗೆದುಕೊಂಡರು. "ಇವರದ್ದು ನೀವೇ ತೊಳೀರಿ. ನಾನು ನೀರು ಹಾಕ್ತೀನಿ."

ಇನ್ನಾಸಪ್ಪ ಟವಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡ. ಆಮೇಲೆ ಮಂಡಿಯೂರಿ ತಮ್ಮನ ಕಾಲನ್ನು ಕೈಗೆ ತೆಗೆದುಕೊಂಡ. ಉಜ್ಜಿದ, ಉಜ್ಜಿದ.

"ಸೋಪ್ ಹಾಕಿದ್ರೂ ಹೋಗಕಿಲ್ಲ ಕಣಣ್ಣ ಅದು" ಎಂದ ಚಿನ್ನಪ್ಪಣ್ಣ.

"ಹೋಗ್ದಿದ್ರೆ ಹೋಗ್ಲಿ ಬಿಡು" ಎಂದ ಇನ್ನಾಸಪ್ಪ.

ಹನ್ನೊಂದು ವರ್ಷದ ಮೇಲೆ ಅಣ್ಣತಮ್ಮಂದಿರು ಆಡಿದ್ದು ಅಷ್ಟೇ. ನಾನು ಒಂದು ಕಾಲು ಬಿಳಿ, ಒಂದು ಕಾಲು ಕಪ್ಪು ಮಾಡಿಕೊಂಡು ಹೊರಗೆ ಬಂದು ಬಸ್ಸು ಹತ್ತಿದೆ. ಪೀಪಾಯಿ ನೋಡುವವನಿಲ್ಲದೆ ಅರಸೀಕೆರೆ ಮುಟ್ಟುವುದರೊಳಗೆ ಪ್ರಾಣ ಹೋಯಿತು. ಜಾವಗಲ್ಲಿನಲ್ಲಿ ಶೀನಪ್ಪ, "ಏನಾಯ್ತಲಾ, ಕೂತ್ಯಾ?" ಎಂದು ಕೇಳಿದ.

"ಇಲ್ಲ, ಧೈರ್ಯ ಬರ್ಲಿಲ್ಲ" ಎಂದೆ. ನನ್ನ ಜನ್ಮದಲ್ಲಿ ಗೆದ್ದ ಪಂದ್ಯ ಸೋತೆ ಎಂದದ್ದು ಅದೊಂದೇ ಸಲ. ಅವನ ಮೀಸೆ ಉಳಿಯಿತು.

ಶುಕ್ರವಾರ ಚಿನ್ನಪ್ಪಣ್ಣ ಕೆಲಸಕ್ಕೆ ಬರಲಿಲ್ಲ. ಅವರ ದೇವರು ಶಿಲುಬೆಯ ಮೇಲೆ ಸತ್ತ ದಿನ. ನಾನೊಬ್ಬನೇ ಗಾಳಿ ತಿರುಗಿಸಿದೆ, ಇದ್ದಿಲು ಸುರಿದೆ, ಗಾಡಿ ಓಡಿಸಿದೆ. ಹಳೇಬೀಡಿನ ಚರ್ಚಿನಲ್ಲಿ ಗಂಟೆಯ ಸದ್ದಿಲ್ಲ. ಆ ಎರಡು ದಿನ ಅವರು ಗಂಟೆ ಬಾರಿಸುವುದಿಲ್ಲ, ಮರದ ಹಲಗೆಗೆ ಮರದ ಕೊಡತಿ ಬಡಿಯುತ್ತಾರೆ. ಟಕ ಟಕ ಎಂದು ಒಣ ಸದ್ದು. ನನ್ನ ದಣಿವಿಗೆ ಸರಿಯಾದ ಸಂಗೀತ. ಶನಿವಾರ ಬೆಳಿಗ್ಗೆ ನಾವು ಊರು ಹೊಕ್ಕಾಗ ಗಂಟೆ ಒಂದೇ ಸಮನೆ ಬಾರಿಸುತ್ತಿತ್ತು. ತೂಕಡಿಸುತ್ತಿದ್ದವರೆಲ್ಲ ಎದ್ದು ಏನಾಯಿತು ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ದೇವರು ಎದ್ದು ಬಂದ ಸಂತೋಷದ ಗಂಟೆಯನ್ನು ಆ ಕಾಲದಲ್ಲಿ ಹಬ್ಬದ ಹಿಂದಿನ ಬೆಳಿಗ್ಗೆಯೇ ಬಾರಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಭಾನುವಾರ ಹಬ್ಬ. ನಾನು ಎರಡು ಎಳನೀರು ಹಿಡಿದುಕೊಂಡು ಗುರುಗಳ ಹತ್ತಿರ ಹೋದೆ. ಜಗಲಿಯ ಮೇಲೆ ಕೂತು ಬೇವಿನ ಕಡ್ಡಿಯಿಂದ ಉಗುರು ಕೆದಕುತ್ತಿದ್ದರು. ಸಂದಿಯಲ್ಲಿ ಇನ್ನೂ ಗ್ರೀಸಿತ್ತು.

"ಸ್ವಾಮಿ, ತಪ್ಪಾಯ್ತು. ನಾನು ನಿಮ್ಮೋನಲ್ಲ" ಎಂದೆ.

"ಗೊತ್ತಿತ್ತು."

"ಹೆಂಗೆ ಗೊತ್ತಾಯ್ತು ಸ್ವಾಮಿ?"

"ಕಾಲು ತೊಳೆಸಿಕೊಳ್ಳೋಕೆ ನಮ್ಮವರು ಮೊದಲೇ ಮನೇಲಿ ಚೆನ್ನಾಗಿ ತೊಳಕೊಂಡು ಬರ್ತಾರೆ. ಇಷ್ಟು ವರ್ಷದಲ್ಲಿ ಕೊಳೆ ತಂದವನು ನೀನೊಬ್ಬನೇ."

"ಬೇಕು ಅಂತ್ಲೇ ಬಳ್ಕಂಡಿದ್ದೆ."

"ಅದೂ ಗೊತ್ತಾಯ್ತು. ಅವತ್ತು ಆ ಹನ್ನೆರಡು ಜನದಲ್ಲಿ ಹಿಡಿದುಕೊಟ್ಟವನೂ ಇದ್ದ. ಅವನೊಬ್ಬನ ಕಾಲು ಬಿಟ್ಟು ಮಿಕ್ಕವರದ್ದು ತೊಳೆದ ಅಂತ ಎಲ್ಲೂ ಬರೆದಿಲ್ಲ." ಆಮೇಲೆ ಎಳನೀರು ಕೆತ್ತಲು ಒಳಗಿಂದ ಕತ್ತಿ ತರುವಂತೆ ನನಗೇ ಹೇಳಿದರು.

ಸೋಮವಾರ ಚಿನ್ನಪ್ಪಣ್ಣ ಕೆಲಸಕ್ಕೆ ಬಂದ. ಪಾಪ ಒಪ್ಪಿಕೊಂಡಿದ್ದ, ಪ್ರಸಾದ ತೆಗೆದುಕೊಂಡಿದ್ದ. ಮುಖ ಮಾತ್ರ ಅದೇ, ಸೋತ ಮುಖ. ಏರಿನಲ್ಲಿ ಪಕ್ಕಕ್ಕೆ ಬಂದು ನಿಂತಾಗ ಕೇಳಿದೆ: "ಅಣ್ಣ, ಏನದು ನಿಮ್ಮ ಹಬ್ಬ? ಸತ್ತೋನು ಎದ್ದ ಅಂತೀರಲ್ಲ, ಅಷ್ಟೇಯಾ?"

"ಎದ್ದು ಯಾರತ್ರ ಹೋದ ಹೇಳು."

"ಕೊಂದೋರತ್ರ. ನಾನಾಗಿದ್ರೆ ಹಂಗೇ ಮಾಡ್ತಿದ್ದೆ."

"ಅದುಕ್ಕೇ ನೀನು ದೇವ್ರಾಗ್ಲಿಲ್ಲ" ಎಂದ. "ಹಿಡಿಯಕ್ ಬಂದಾಗ ಬಿಟ್ಟು ಓಡೋದ್ರಲ್ಲ ಅವನ ಜೊತೇಲಿದ್ದೋರು, ಅವರತ್ರ ಹೋದ. ಬಾಗ್ಲಾಕ್ಕಂಡು ನಡುಗ್ತಾ ಕೂತಿದ್ರಂತೆ. ಯಾಕ್ರಲಾ ಓಡೋದ್ರಿ ಅಂತ ಒಂದ್ಮಾತು ಕೇಳ್ಲಿಲ್ಲ. ಉಣ್ಣಾಕೆ ಏನಾರ ಐತಾ ಅಂದ. ಸುಟ್ಟ ಮೀನು ಕೊಟ್ರು. ಅವರ ಮುಂದೇನೇ ಕೂತು ತಿಂದ."

"ಆಮೇಲೆ?"

"ಆಮೇಲೇನು. ನಿನ್ನೆ ನಾನು ಅಣ್ಣನ ಮನೆಗೋದೆ. ಇಬ್ರಿಗೂ ಮಾತು ಹೊರಡವಲ್ದು. ಅಪ್ಪನ್ನ ಯಾಕ್ ಹಂಗ್ ಮಾಡ್ದೆ ಅಂತ ಕೇಳಾವ ಅಂತ ನಾಲಿಗೆ ತುದಿಗೆ ಬಂದಿತ್ತು. ಅತ್ತಿಗೆ ಕಡೆ ತಿರುಗಿ, ಏನ್ ಅಡ್ಗೆ ಮಾಡಿದ್ದೀಯಮ್ಮ ಅಂದೆ." ಕೆಮ್ಮಿ, ಉಗಿದು, ಬಾಯಿ ಒರೆಸಿಕೊಂಡ. "ಕೋಳಿ ಸಾರು. ಖಾರ ಹೆಚ್ಚಾಗಿತ್ತು."

ಆಷಾಢದಲ್ಲಿ ಅವನು ಹೋದ. ಮಲಗಿದ್ದು ಎಂಟು ದಿನ. ಕಡೆಯ ವಾರ ಅಣ್ಣನ ಮನೆಯಲ್ಲೇ ಇದ್ದ. ಸುದ್ದಿ ನನಗೆ ಮುಟ್ಟಿದ್ದು ಬೇಲೂರಿನಲ್ಲಿ. ಮಾದಿಹಳ್ಳಿ ದಾರಿಯ ಕೆಸರಿನಲ್ಲಿ ಗಾಡಿ ಎಳೆದುಕೊಂಡು ಹಳೇಬೀಡಿಗೆ ಬಂದಾಗ ಪೆಟ್ಟಿಗೆಯನ್ನು ಚರ್ಚಿನಿಂದ ಹೊರಗೆ ತರುತ್ತಿದ್ದರು. ಇನ್ನಾಸಪ್ಪ ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ. ಅವನ ಪಕ್ಕದ ಮೂಲೆಯವನು ನನ್ನನ್ನು ನೋಡಿ ಸರಿದು ಜಾಗ ಬಿಟ್ಟ. ನಾನು ಹೆಗಲು ಕೊಟ್ಟೆ.

ಹನಿ ಬೀಳುತ್ತಿತ್ತು. ಬರೀ ಮೂಳೆಯಾಗಿದ್ದ ಮನುಷ್ಯ ಅಷ್ಟು ಭಾರ ಹೇಗೆ ಆದನೋ ಕಾಣೆ. ಸಮಾಧಿ ತೋಟದ ಬಾಗಿಲು ಕಿರಿದು. ಇಬ್ಬರು ಪಕ್ಕಪಕ್ಕ ನುಗ್ಗುವ ಹಾಗಿಲ್ಲ, ಪೆಟ್ಟಿಗೆಯನ್ನು ಓರೆ ಮಾಡಿ, ಭುಜವನ್ನು ಗೋಡೆಗೆ ಉಜ್ಜಿಕೊಂಡು ಹಾಯಬೇಕು. ಇನ್ನಾಸಪ್ಪನ ಕಣ್ಣಿಗೆ ಮಳೆಯೋ ಮತ್ತೊಂದೋ ತುಂಬಿ ದಾರಿ ಕಾಣುತ್ತಿರಲಿಲ್ಲ. ನಾನು ಒಂದೊಂದೇ ಹೆಜ್ಜೆ ಹೇಳುತ್ತ ಅವನನ್ನು ನಡೆಸಿದೆ. ನನ್ನ ಭುಜದ ಚರ್ಮ ಸುಲಿಯಿತು.

"ಒಳಕ್ಕೆ ಬಂದ್ವೇನೋ ರಂಗ?" ಎಂದು ಕೇಳಿದ.

"ಬಂದ್ವಿ ಕಣಣ್ಣ. ಒಳಗಿದ್ದೀವಿ."